ಮೊಂಜಾದ ಆ ಮೂರನೇ ಸ್ಥಾನ

ಗೆದ್ದವನ ಓಟವನ್ನು ಯಾರಾದರೂ ಮೆಚ್ಚುತ್ತಾರೆ. ನಾನು ಮಾತ್ರ, ಮೂರನೆಯವನಾಗಿ ಬಂದವನ ಒಂದು ಓಟವನ್ನು ಕಲ್ಲುಸಕ್ಕರೆಯ ಹಾಗೆ ಬಾಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಚಪ್ಪರಿಸುತ್ತಿದ್ದೇನೆ. 1967ರ ಸೆಪ್ಟೆಂಬರ್ 10, ಇಟಲಿಯ ಮೊಂಜಾ. ರೇಸ್ ಕಾರು ಓಡಿಸಿದವನು ಜಿಮ್ ಕ್ಲಾರ್ಕ್.

ಮೊದಲು ಆ ಕಾರಿನ ಚೆಲುವು ನೋಡಿ. ಲೋಟಸ್ 49: ಚುರುಟಿನಂಥ ನೀಳ ಮೈ, ಕಡುಹಸಿರಿನ ಮೇಲೆ ಹಳದಿ ಪಟ್ಟೆ. ಸವಾರನ ಬೆನ್ನ ಹಿಂದೆ ಬೇರೆ ಚೌಕಟ್ಟೇ ಇಲ್ಲ. ಹಿಂದಿನ ಚಕ್ರಗಳ ಭಾರವನ್ನೆಲ್ಲ ಕಾಸ್‌ವರ್ತ್ ಎಂಜಿನ್ನೇ ಹೊತ್ತುಕೊಂಡಿದೆ. ಇಂಥ ಬಿರುಸಿನ ಯಂತ್ರವನ್ನು ಕ್ಲಾರ್ಕ್ ನಡೆಸುತ್ತಿದ್ದ ರೀತಿ ಎಷ್ಟು ಮೆತ್ತಗೆ! ಪಳಗಿದ ಎತ್ತಿಗೆ ಹಗ್ಗ ಸಡಿಲ ಬಿಟ್ಟ ಹಾಗೆ. ಅವನ ಬ್ರೇಕುಗಳು ಕೂಡ ಜತೆಗಾರರ ಬ್ರೇಕುಗಳಷ್ಟು ಸವೆಯುತ್ತಿರಲಿಲ್ಲ.

ಆಗಿನ ಮೊಂಜಾ ಬರೀ ವೇಗದ ಹಾದಿ. ಮುಂದಿನ ಕಾರು ಗಾಳಿ ಸೀಳಿಕೊಟ್ಟ ಜಾಗದಲ್ಲಿ ಹಿಂದಿನದು ಸಲೀಸಾಗಿ ತೂರಿ ಬರುತ್ತದೆ; ಗುಂಪನ್ನು ಬಿಟ್ಟು ಮುಂದೆ ಹೋಗುವುದೇ ಕಷ್ಟ. ಅಂಥಲ್ಲಿ ಟೈರು ಪಂಕ್ಚರಾಗಿ ಕ್ಲಾರ್ಕ್ ಇಡೀ ಒಂದು ಸುತ್ತು, ಅಂದರೆ ಐದೂಮುಕ್ಕಾಲು ಕಿಲೋಮೀಟರ್, ಕಳೆದುಕೊಂಡ. ಬೇರೆ ಯಾರಾದರೂ ಅಲ್ಲಿಗೇ ಮಂಗಳ ಹಾಡುತ್ತಿದ್ದರು.

ಇವನು ಮತ್ತೆ ಹೊರಟ. ಮುಂದಿದ್ದವರನ್ನು ಎರಡೆರಡು ಸಲ ದಾಟಬೇಕು: ಒಮ್ಮೆ ಸುತ್ತಿನ ಸಾಲ ತೀರಿಸಲು, ಇನ್ನೊಮ್ಮೆ ಸ್ಥಾನಕ್ಕಾಗಿ. ಅರ್ಹತಾ ಓಟದಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ದ ತನ್ನದೇ ಸಮಯವನ್ನು, 1 ನಿಮಿಷ 28.5 ಸೆಕೆಂಡನ್ನು, ಆ ಬೆನ್ನಟ್ಟುವಿಕೆಯ ನಡುವೆ ಮತ್ತೆ ಮುಟ್ಟಿದ. ಆತುರವಿಲ್ಲ, ಅರಚಾಟವಿಲ್ಲ, ಸುತ್ತಿನ ಮೇಲೆ ಸುತ್ತು, ಒಂದೇ ಹದ, ಒಂದೇ ಗೆರೆ. ಮುಂದಿದ್ದ ಗ್ರಹಾಂ ಹಿಲ್‌ನ ಎಂಜಿನ್ ಕೈಕೊಟ್ಟಿತು, ಅಷ್ಟು ಅದೃಷ್ಟ ಇತ್ತೆನ್ನಿ. ಆದರೆ ಬ್ರಾಬಮ್, ಸರ್ಟೀಸ್ ಇಬ್ಬರನ್ನೂ ದಾಟಿದ್ದು ಅಪ್ಪಟ ಕೈಚಳಕದಿಂದ. 68 ಸುತ್ತುಗಳ ಪಂದ್ಯದ ಕೊನೆಯ ಸುತ್ತಿಗೆ ಕಾಲಿಟ್ಟಾಗ ಅವನೇ ಮೊದಲಿಗ.

ಆಗ ಎಂಜಿನ್ ಕೆಮ್ಮಿತು. ಟ್ಯಾಂಕಿನ ತಳದಲ್ಲುಳಿದ ಇಂಧನ ಪಂಪಿಗೆ ಸಿಕ್ಕಲಿಲ್ಲ. ಹೋಂಡಾದ ಸರ್ಟೀಸ್ ಬ್ರಾಬಮ್‌ಗಿಂತ 0.2 ಸೆಕೆಂಡು ಮೊದಲು ಗೆರೆ ದಾಟಿದ. ಕ್ಲಾರ್ಕ್ ತೆವಳಿಕೊಂಡು ಬಂದು ಮೂರನೆಯವನಾದ. ಆ ದಿನ ಗೆದ್ದವನು ಸರ್ಟೀಸ್ ಎಂದು ಒಪ್ಪಲು ನನಗೆ ಇಂದಿಗೂ ಮನಸ್ಸಿಲ್ಲ.

ಏಳು ತಿಂಗಳು ತುಂಬುವ ಮೊದಲೇ, 1968ರ ಏಪ್ರಿಲ್ 7ರಂದು, ಜರ್ಮನಿಯ ಹಾಕನ್‌ಹೈಮ್‌ನಲ್ಲಿ ಒದ್ದೆ ಹಾದಿಯಿಂದ ಜಾರಿದ ಅವನ ಕಾರು ಮರಗಳಿಗೆ ಬಡಿಯಿತು. ವಯಸ್ಸು ಬರೀ 32. ಸ್ಕಾಟ್‌ಲ್ಯಾಂಡಿನ ಚರ್ನ್‌ಸೈಡ್ ಹಳ್ಳಿಯಲ್ಲಿರುವ ಸಮಾಧಿಕಲ್ಲಿನ ಮೇಲೆ ಅವನು ರೈತ ಎಂದು ಮೊದಲು ಬರೆದಿದೆ; 1963 ಮತ್ತು 1965ರ ವಿಶ್ವ ಚಾಂಪಿಯನ್ ಎಂಬುದು ಅದರ ಕೆಳಗೆ.