ಚಿಟಿಕೆಗೆ ಬರೆದ ಸಾಲು

ಒಂದೇ ಪದ್ಯವನ್ನು ಅದರ ಕವಿಯ ಬಾಯಲ್ಲೇ ಎಂಟು ತಿಂಗಳಲ್ಲಿ ಮೂರು ಸಲ ಕೇಳಿದೆ. ಎರಡು ಸಲ ಬೆಂಗಳೂರಿನ ಓಪನ್ ಮೈಕ್‌ಗಳಲ್ಲಿ, ಮೂರನೆಯದು ಹಾಸನದ ಕಡೆಯ ಒಂದು ತಾಲ್ಲೂಕು ಕವಿಗೋಷ್ಠಿಯಲ್ಲಿ. ಅಚ್ಚಾದ ಪದ್ಯವನ್ನು ಮೂರು ಸಲ ಓದಿದರೆ ಬದಲಾಗುವವರು ನಾವು. ಪದ್ಯ ಪುಟದ ಮೇಲೆ ಇದ್ದಲ್ಲೇ ಇರುತ್ತದೆ. ಇಲ್ಲಿ ಪದ್ಯವೇ ಬದಲಾಗುತ್ತ ಹೋಯಿತು. ಬದಲಾಯಿಸಿದವರು ಯಾರು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕವಿಯ ಹೆಸರು ಹೇಳುವುದಿಲ್ಲ. ಇನ್ನೂ ಮೊದಲ ಸಂಕಲನ ಬರದ ಹುಡುಗಿಯನ್ನು ಹೆಸರು ಹಿಡಿದು ತಕ್ಕಡಿಗೆ ಹಾಕುವುದು ಸರಿಯೆನಿಸದು.

ಪದ್ಯದ ಹೆಸರು ‘ಹೆಬ್ಬೆಟ್ಟು’. ಅಜ್ಜಿಯೊಬ್ಬಳು ರೇಷನ್ ಅಕ್ಕಿಗೆಂದು ಸೊಸೈಟಿಗೆ ಹೋಗಿ ಯಂತ್ರದ ಮೇಲೆ ಬೆರಳಿಡುತ್ತಾಳೆ. ಜೀವಮಾನವೆಲ್ಲ ಕಳೆ ಕಿತ್ತು, ಪಾತ್ರೆ ತಿಕ್ಕಿ ಸವೆದ ಬೆರಳಿನ ಗೆರೆ ಯಂತ್ರಕ್ಕೆ ಕಾಣುವುದಿಲ್ಲ. ಓದುಬರಹ ಬಾರದವರನ್ನು ನಮ್ಮಲ್ಲಿ ಹೆಬ್ಬೆಟ್ಟು ಎಂದೇ ಹೀಯಾಳಿಸುತ್ತಾರಲ್ಲ, ಆ ಅಜ್ಜಿಗಿದ್ದ ಒಂದೇ ಸಹಿಯೂ ಈಗ ನಡೆಯುವುದಿಲ್ಲ. ವಸ್ತು ಗಟ್ಟಿ. ಇಂಥ ಅಜ್ಜಿಯರನ್ನು ನ್ಯಾಯಬೆಲೆ ಅಂಗಡಿಯ ಮುಂದೆ ಕಂಡವರಿಗೆ ಇದು ಕಟ್ಟುಕತೆ ಅನ್ನಿಸುವುದಿಲ್ಲ.

ಮೊದಲ ಸಲ ಕೇಳಿದ್ದು ಒಂದು ಕೆಫೆಯ ಮಹಡಿಯಲ್ಲಿ. ಬಾಗಿಲ ಬಳಿ ಒಂದು ನೋಟ್‌ಬುಕ್ಕು, ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಸರು, ತಲೆಗೆ ಐದು ನಿಮಿಷ. ಇಂಗ್ಲಿಷ್ ಹೆಚ್ಚು, ಹಿಂದಿ ಅದರ ಹಿಂದೆ, ಕನ್ನಡಕ್ಕೆ ಮೂವರು. ಈಕೆ ಫೋನು ಹಿಡಿದು ಬಂದಳು. ಶುರುವಿನಲ್ಲಿ ದನಿ ನಡುಗುತ್ತಿತ್ತು. ಸೊಸೈಟಿಯವನು “ಬರ್ತಿಲ್ಲ ಅಜ್ಜಿ, ಇನ್ನೊಂದ್ಸಲ ಒತ್ತು” ಎನ್ನುವ ಜಾಗದಲ್ಲಿ ಅವನ ಬೇಸರದ ದನಿಯನ್ನೇ ತಂದಳು, ಜನ ನಕ್ಕರು. ನಕ್ಕದ್ದು ಅವಳಿಗೇ ಆಶ್ಚರ್ಯವಾದಂತಿತ್ತು, ಒಂದು ಗಳಿಗೆ ತಲೆಯೆತ್ತಿ ನೋಡಿದಳು. ಆಮೇಲೆ ಬಂತು ಪದ್ಯದ ಜೀವದಂಥ ಸಾಲು. ಅಜ್ಜಿ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಬೇರೆ ಯಾರದೋ ಬೆರಳು ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡುತ್ತಾಳೆ. ಅಷ್ಟೇ. ಕೋಣೆಯಲ್ಲಿ ಸದ್ದಿಲ್ಲ. ಕೆಳಗೆ ಕಾಫಿ ಯಂತ್ರ ಬುಸ್ಸೆಂದದ್ದು ಕೇಳಿಸಿತು. ಆ ಮೌನವನ್ನು ನಾನು ಮೆಚ್ಚುಗೆ ಎಂದುಕೊಂಡೆ. ಅವಳು ಸೋಲು ಎಂದುಕೊಂಡಳು ಅನ್ನುವುದು ತಿಳಿದದ್ದು ಎರಡನೆಯ ಸಲ ಕೇಳಿದಾಗ.

ಎರಡನೆಯ ಸಲ ಪದ್ಯ ಬೆಳೆದಿತ್ತು. ಸೊಸೈಟಿಯವನ ಮಾತು ಒಂದರ ಬದಲು ಮೂರು ಸಲ, ಪ್ರತಿ ಸಲವೂ ನಗುವಿಗೆಂದು ಒಂದು ತೆರಪು. ಬೆರಳು ತಿರುಗಿಸಿ ನೋಡುವ ಸಾಲು ಮಾಯವಾಗಿತ್ತು. ಅದರ ಜಾಗಕ್ಕೆ ಒಂದು ಪಟ್ಟಿ ಬಂದಿತ್ತು: ಈ ಬೆರಳು ರಾಗಿ ಬೀಸಿದೆ, ಈ ಬೆರಳು ಸಗಣಿ ತಟ್ಟಿದೆ, ಈ ಬೆರಳು ಕೂಸಿನ ಬಾಯಿಗೆ ಜೇನು ಮುಟ್ಟಿಸಿದೆ. ಪ್ರತಿ ‘ಇದೆ’ಗೂ ದನಿ ಒಂದು ಮೆಟ್ಟಿಲು ಮೇಲಕ್ಕೆ. ಐದನೆಯ ಮೆಟ್ಟಿಲಿಗೆ ಕೋಣೆಯ ತುಂಬ ಚಿಟಿಕೆಗಳು. ಆ ರಾತ್ರಿ ಹೆಚ್ಚು ಚಿಟಿಕೆ ಗಳಿಸಿದ ಪದ್ಯ ಅದೇ.

ಈ ಚಿಟಿಕೆಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಚಿಟಿಕೆ ಹೊಡೆದು ಕರೆದರೆ ಕರೆಸಿಕೊಂಡವರಿಗೆ ಅವಮಾನ. ಹಳಬರು ಆಕಳಿಸುವಾಗ ಬಾಯಿಯ ಮುಂದೆ ಚಿಟಿಕೆ ಹೊಡೆಯುತ್ತಾರೆ. ಕವಿತೆಗೆ ಚಿಟಿಕೆ ಹೊಡೆಯುವ ಪದ್ಧತಿ ಅಮೆರಿಕದ ಕಾಫಿ ಮನೆಗಳಿಂದ ಬಂದದ್ದು. ಆದರೆ ಶಿಕಾಗೋದಲ್ಲಿ ಅದರ ಕತೆ ತಿರುವುಮುರುವು. ಕಟ್ಟಡ ಕೆಲಸ ಮಾಡಿಕೊಂಡಿದ್ದ ಮಾರ್ಕ್ ಸ್ಮಿತ್ 1986ರಲ್ಲಿ ಅಲ್ಲಿನ ಗ್ರೀನ್ ಮಿಲ್ ಎಂಬ ಜಾಝ್ ಕ್ಲಬ್ಬಿನಲ್ಲಿ ‘ಪೊಯೆಟ್ರಿ ಸ್ಲ್ಯಾಮ್’ ಶುರುಮಾಡಿದ. ವಿಶ್ವವಿದ್ಯಾಲಯದ ಪ್ರೊಫೆಸರುಗಳ ಕೈಯಿಂದ ಕವಿತೆಯನ್ನು ಕಿತ್ತು ಬಾರಿನಲ್ಲಿ ಕುಳಿತವರ ಕೈಗೆ ಕೊಡುವ ಹಟ ಅವನದು. ಮೊದಲು ಓಪನ್ ಮೈಕ್, ಆಮೇಲೆ ಸ್ಪರ್ಧೆ. ಸಭಿಕರಲ್ಲೇ ಐವರು ತೀರ್ಪುಗಾರರು, ಹತ್ತಕ್ಕೆ ಇಷ್ಟೆಂದು ಅಂಕ, ಮೇಲಿನದೊಂದು ಕೆಳಗಿನದೊಂದು ಬಿಟ್ಟು ಉಳಿದ ಮೂರರ ಮೊತ್ತ. ಪದ್ಯಕ್ಕೆ 3 ನಿಮಿಷ. ಆ ಕ್ಲಬ್ಬಿನಲ್ಲಿ ಚಿಟಿಕೆ ಹೊಡೆದರೆ ಪದ್ಯ ಸಾಕು, ಇಳಿ ಎಂದರ್ಥ. ಅದಕ್ಕೂ ಇಳಿಯದಿದ್ದರೆ ಕಾಲು ಬಡಿಯುತ್ತಿದ್ದರು. ಬೆಂಗಳೂರಿಗೆ ಬಂದದ್ದು ಮೆಚ್ಚುಗೆಯ ಚಿಟಿಕೆ ಮಾತ್ರ. ಬೇಡ ಎನ್ನುವ ಚಿಟಿಕೆಯನ್ನು ಅಲ್ಲೇ ಬಿಟ್ಟು ಬಂದೆವು. ಎಲ್ಲರನ್ನೂ ಮೆಚ್ಚುವ ಕೋಣೆ ಕವಿಗೆ ಕಲಿಸುವುದು ಒಂದನ್ನೇ: ಎಲ್ಲಿ ಸದ್ದಾಯಿತೋ ಅದನ್ನು ಹಿಗ್ಗಿಸು, ಎಲ್ಲಿ ಆಗಲಿಲ್ಲವೋ ಅದನ್ನು ಕತ್ತರಿಸು.

ನನ್ನ ಮುಖ್ಯ ತಕರಾರು ಆ ಪಟ್ಟಿಯ ಮೇಲೆ. ಇಂಗ್ಲಿಷಿನ ವೇದಿಕೆ ಪದ್ಯ ಸಾಲಿನ ತುದಿಯಲ್ಲಿ ಬದುಕುತ್ತದೆ. ತುದಿಯಲ್ಲಿ ಪ್ರಾಸ, ತುದಿಯಲ್ಲಿ ಏರುವ ದನಿ, ತುದಿಯಲ್ಲಿ ತೂಗುಹಾಕಿದ ಪದ. ಅಲ್ಲಿ ತುದಿಗೆ ಯಾವ ಪದವೂ ಬಂದೀತು. ಕನ್ನಡದಲ್ಲಿ ಸಾಲಿನ ತುದಿ ಸಾಮಾನ್ಯವಾಗಿ ಕ್ರಿಯಾಪದದ ಜಾಗ. ಅದನ್ನೇ ಪ್ರಾಸ ಮಾಡಹೊರಟರೆ ಸಿಗುವುದು ‘ಇದೆ, ಇದೆ’, ‘ತ್ತಾಳೆ, ತ್ತಾಳೆ’. ವ್ಯಾಕರಣವೇ ಪುಕ್ಕಟೆ ಕೊಡುವ ಪ್ರಾಸ ಅದು, ಕವಿ ಅದಕ್ಕೆ ಬೆವರು ಸುರಿಸಬೇಕಿಲ್ಲ. ನಮ್ಮ ಹಳೆಯ ಕವಿಗಳು ಇದನ್ನು ಅರಿತೇ ಪ್ರಾಸವನ್ನು ಸಾಲಿನ ತಲೆಗೆ, ಎರಡನೆಯ ಅಕ್ಷರಕ್ಕೆ ಕಟ್ಟಿದರೇನೋ ಎನ್ನಿಸುತ್ತದೆ. ಸಾಲು ಏಳುವಾಗಲೇ ಕಿವಿಯನ್ನು ಹಿಡಿಯುವ ಉಪಾಯ. ಅಂತ್ಯಪ್ರಾಸ ಇರಲೇ ಇಲ್ಲವೆಂದಲ್ಲ, ರಗಳೆಯಲ್ಲಿ ಅದು ಆದಿಪ್ರಾಸದ ಜೊತೆಗೇ ಬರುತ್ತದೆ. ಆದರೆ ನಮ್ಮ ಕಿವಿ ಪಳಗಿದ್ದು ಆ ಎರಡನೆಯ ಅಕ್ಷರದಲ್ಲಿ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ನಾಲಿಗೆ ಮರೆಯದಿರುವುದಕ್ಕೆ ಕೆಸರು ಮೊಸರುಗಳ ನಡುವಿನ ಆ ‘ಸ’ ಕಾರಣ. ಈ ಹುಡುಗಿಯ ಅಜ್ಜಿಯ ಬಾಯಲ್ಲಿ ಇಂಥವು ನೂರಿದ್ದಾವು. ಮೊಮ್ಮಗಳು ಮೈಕಿನ ಮುಂದೆ ನಿಂತಾಗ ಕಿವಿಯಲ್ಲಿದ್ದದ್ದು ಯೂಟ್ಯೂಬಿನ ಇಂಗ್ಲಿಷ್ ಹುಡುಗಿಯರ ರಾಗ. ಕಣ್ಣು ಮುಚ್ಚಿ, ಅರ್ಥ ಬಿಟ್ಟು, ಬರಿಯ ದನಿ ಕೇಳಿದ್ದರೆ ಆ ರಾತ್ರಿ ಓದಿದ ಮೂರು ಭಾಷೆಗಳ ಕವಿಗಳಲ್ಲಿ ಯಾರು ಕನ್ನಡದವರು ಎಂದು ಹೇಳುವುದು ಕಷ್ಟವಾಗುತ್ತಿತ್ತು.

ಮುಗಿದ ಮೇಲೆ ಪದ್ಯದ ಪ್ರತಿ ಕೇಳಿದೆ. “ಪೇಪರಲ್ಲಿಲ್ಲ ಸರ್, ಫೋನಲ್ಲಿದೆ” ಎಂದು ತೋರಿಸಿದಳು. ಫೋನಿನ ಅಗಲ ಎಲ್ಲಿ ಮುಗಿಯಿತೋ ಅಲ್ಲಿ ಸಾಲು ಮುರಿದಿತ್ತು. ಉಸಿರು ತೆಗೆದುಕೊಂಡದ್ದೂ ಅಲ್ಲೇ. ಭಾಮಿನಿ ಷಟ್ಪದಿಯಲ್ಲಿ 14 ಮಾತ್ರೆಯ ಎರಡು ಸಾಲು ಕಳೆದ ಮೇಲೆ 23 ಮಾತ್ರೆಯ ಒಂದು ಉದ್ದ ಸಾಲು ಬರುತ್ತದೆ, ಅದರ ಕೊನೆಗೊಂದು ಗುರು. ಕುಮಾರವ್ಯಾಸನನ್ನು ವಾಚಿಸುವ ಗಮಕಿಗೆ ಎಲ್ಲಿ ಓಡಬೇಕು, ಎಲ್ಲಿ ತಂಗಬೇಕು ಎಂಬುದನ್ನು ಛಂದಸ್ಸೇ ಹೇಳಿಕೊಡುತ್ತದೆ. ಮುಕ್ತ ಛಂದದಲ್ಲಿ ಬರೆಯುವವಳಿಗೆ ಆ ಆಸರೆ ಇಲ್ಲ. ಉಸಿರಿನ ಲೆಕ್ಕವನ್ನು ತಾನೇ ಕಟ್ಟಿಕೊಳ್ಳಬೇಕು. ಅದನ್ನು ಫೋನ್ ಕಂಪನಿಗೆ ಬಿಟ್ಟುಕೊಡಬಾರದು.

ಇಷ್ಟು ಹೇಳಿ, ಓಪನ್ ಮೈಕಿಗಿಂತ ನಮ್ಮ ಕವಿಗೋಷ್ಠಿಯೇ ವಾಸಿ ಎಂದರೆ ನಾಲಿಗೆ ಸುಟ್ಟೀತು. ಆಹ್ವಾನ ಪತ್ರಿಕೆಯಲ್ಲಿ ಮೂವತ್ತು ಹೆಸರು, ಅಧ್ಯಕ್ಷರ ಭಾಷಣಕ್ಕೆ ಮುಕ್ಕಾಲು ಗಂಟೆ, ಕವಿಗಳಿಗೆ “ಒಂದೇ ಪದ್ಯ, ಚಿಕ್ಕದು” ಎಂಬ ಚೀಟಿ. ಓದಿದವರು ಶಾಲು ಹೊದ್ದು ಊಟದ ಕಡೆ ನಡೆಯುತ್ತಾರೆ. ಕೊನೆಯ ಕವಿಗೆ ಕೇಳುಗರು ಶಾಮಿಯಾನದವನು ಮತ್ತು ಮೈಕ್‌ಸೆಟ್ಟಿನವನು. ಆ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಯಾರಿಗೋ ಪರಿಚಯವಿರಬೇಕು. ಹೆಣ್ಣುಮಕ್ಕಳಿಗಾದರೆ ‘ಮಹಿಳಾ ಕವಿಗೋಷ್ಠಿ’ ಎಂಬ ಬೇರೆ ಪಂಕ್ತಿ. ಯಾರ ಪರಿಚಯವೂ ಇಲ್ಲದ ಇಪ್ಪತ್ತೆರಡರ ಹುಡುಗಿ ಸಂಜೆ ಆರಕ್ಕೆ ಬಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆದು ಏಳಕ್ಕೆ ಓದಬಹುದು ಎನ್ನುವುದು ಸಣ್ಣ ಮಾತಲ್ಲ. ಹಾಗೆಂದು ಗೋಷ್ಠಿ ಸತ್ತ ಸಂಪ್ರದಾಯವೂ ಅಲ್ಲ. 2020ರ ಜನವರಿಯಲ್ಲಿ ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಕೊಪ್ಪಳದ ಸಿರಾಜ್ ಬಿಸರಳ್ಳಿ ಪೌರತ್ವ ಕಾಯ್ದೆಯ ಕುರಿತ ಪದ್ಯ ಓದಿದರು. ಅದರ ವಿಡಿಯೋ ಹರಡಿ, ದೂರು ದಾಖಲಾಗಿ, ಮುಂದಿನ ತಿಂಗಳು ಅವರ ಬಂಧನವಾಯಿತು. ಯಾವ ಕೆಫೆಯ ಮಹಡಿಯ ಪದ್ಯವೂ ನಮ್ಮಲ್ಲಿ ಯಾರನ್ನೂ ಅಷ್ಟು ಕೆಣಕಿದ್ದು ನಾನು ಕೇಳಿಲ್ಲ.

ಗಟ್ಟಿಯಾಗಿ ಓದಿದರೆ ಪದ್ಯ ಸೊರಗುತ್ತದೆ ಎಂಬ ನವ್ಯರ ಕಾಲದ ಗುಮಾನಿಯೂ ನನ್ನದಲ್ಲ. ಬೇಂದ್ರೆಯವರ ಕವಿತೆಯ ಅರ್ಧ ಜೀವ ಅವರ ಗಂಟಲಲ್ಲಿತ್ತು ಎಂದು ಕೇಳಿದವರೆಲ್ಲ ಹೇಳುತ್ತಾರೆ. 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪುಸ್ತಕದಂಗಡಿಗಿಂತ ಮೆರವಣಿಗೆಗಳಲ್ಲಿ ಹೆಚ್ಚು ಊರು ಸುತ್ತಿತು. ಆದರೆ ಅಲ್ಲೆಲ್ಲ ದನಿ ಹುಟ್ಟಿದ್ದು ಪದ್ಯದ ಒಳಗಿನಿಂದ. ಓಪನ್ ಮೈಕಿನಲ್ಲಿ ದನಿ ಮೊದಲೇ ಸಿದ್ಧವಿರುತ್ತದೆ. ಪದ್ಯ ಅದರೊಳಗೆ ಹೋಗಿ ಕೂರುತ್ತದೆ.

ಇನ್ನೊಂದು ತೊಡಕು ‘ನಾನು’ ಎಂಬ ಪದದ್ದು. ಪುಟದ ಮೇಲೆ ‘ನಾನು’ ಎಂದರೆ ಯಾರೂ ಇರಬಹುದು. ಕಣ್ಣೆದುರು ಒಬ್ಬ ಹುಡುಗಿ ನಿಂತು ‘ನಾನು’ ಎಂದರೆ ಅದು ಆಕೆಯೇ. ಕೇಳುಗರು ಆಮೇಲೆ ಬಂದು ಪದ್ಯ ಹೇಗಿತ್ತು ಎನ್ನುವುದಿಲ್ಲ, “ನಿಮಗೆ ಹೀಗಾಯ್ತಾ?” ಎನ್ನುತ್ತಾರೆ. ಆ ರಾತ್ರಿಯ ಪದ್ಯಗಳಲ್ಲಿ ಮುಕ್ಕಾಲು ಪಾಲು ಓದುವವರ ಸ್ವಂತ ನೋವಿನ ವರದಿಗಳು. ನೋವು ನಿಜ, ಆದ್ದರಿಂದ ವಿಮರ್ಶೆ ಬಾಯಿ ಮುಚ್ಚಿಕೊಳ್ಳಬೇಕು. ಅದೇ ಗ್ರೀನ್ ಮಿಲ್ಲಿನಲ್ಲಿ ಬೆಳೆದ ಪೆಟ್ರೀಷಿಯಾ ಸ್ಮಿತ್ ಬೇರೆ ದಾರಿ ಹಿಡಿದರು. ಅಮೆರಿಕದ ರಾಷ್ಟ್ರೀಯ ಸ್ಲ್ಯಾಮ್ ಸ್ಪರ್ಧೆಯನ್ನು ನಾಲ್ಕು ಸಲ ಗೆದ್ದ ಈ ಕಪ್ಪು ಮಹಿಳೆ, ಕಪ್ಪು ಜನರನ್ನು ದ್ವೇಷಿಸುವ ಬಿಳಿಯ ತರುಣನ ಬಾಯಿಂದ ‘ನಾನು’ ಎನ್ನುವ ಪದ್ಯ ಬರೆದು ವೇದಿಕೆಯಲ್ಲಿ ನಿಂತು ಹೇಳಿದರು. ಕತ್ರಿನಾ ಚಂಡಮಾರುತದ ಬಗ್ಗೆ 2008ರಲ್ಲಿ ಬಂದ ಅವರ ಸಂಕಲನದಲ್ಲಿ ಬಿರುಗಾಳಿಯೇ ಮಾತಾಡುತ್ತದೆ, ವೃದ್ಧಾಶ್ರಮದಲ್ಲಿ ಮುಳುಗಿ ಸತ್ತ 34 ಮಂದಿಯೂ ಮಾತಾಡುತ್ತಾರೆ. ಎದುರಿಗೆ ನಿಂತ ಮೈಗೂ ಬಾಯಿಂದ ಬರುವ ದನಿಗೂ ಹೊಂದದಿರುವುದೇ ಅಲ್ಲಿ ಪದ್ಯದ ಕಸುವು. ‘ಹೆಬ್ಬೆಟ್ಟು’ ಬರೆದವಳಿಗೆ ಈ ದಾರಿ ಅರ್ಧ ತೆರೆದಿದೆ. ಸೊಸೈಟಿಯವನ ಬೇಸರಕ್ಕೆ ಆಕೆ ಕೊಟ್ಟ ದನಿ ಬರಿಯ ಅಣಕವಲ್ಲ. ಬೆಳಗಿನಿಂದ ಅದೇ ಮಾತು ಹೇಳಿ ಸುಸ್ತಾದವನೊಬ್ಬ ಅದರಲ್ಲಿದ್ದ. ಅವನನ್ನು ನಗುವಿಗೆ ಮಾರದೆ ಉಳಿಸಿಕೊಂಡಿದ್ದರೆ ಪದ್ಯಕ್ಕೆ ಎರಡನೆಯ ಮನುಷ್ಯ ಸಿಗುತ್ತಿದ್ದ.

ಮುಗಿಯುವ ಬಗೆಯನ್ನೂ ಹೇಳಬೇಕು. ಕಿವಿಗೆ ಬಿದ್ದ ಪದ್ಯ ಮುಗಿಯಿತೆಂದು ಕೇಳುಗನಿಗೆ ತಿಳಿಯುವುದು ಹೇಗೆ? ಅಕ್ಕನ ವಚನ ‘ಚೆನ್ನಮಲ್ಲಿಕಾರ್ಜುನ’ ಎಂದರೆ ಮುಗಿಯಿತು. ಅಂಕಿತ ಸಹಿಯೂ ಹೌದು, ಬಾಗಿಲ ಚಿಲಕವೂ ಹೌದು. ಓಪನ್ ಮೈಕಿನಲ್ಲಿ ಎಲ್ಲರ ಅಂಕಿತವೂ ಒಂದೇ: “ಥ್ಯಾಂಕ್ ಯೂ”. ಕೊನೆಯ ಸಾಲಿಗೂ ಅದಕ್ಕೂ ನಡುವೆ ಉಸಿರಿನಷ್ಟು ಅಂತರವೂ ಇರುವುದಿಲ್ಲ. ಮೌನಕ್ಕೆ ಹೆದರಿದವರು ಅದನ್ನು ತುಂಬಲು ಆಡುವ ಮಾತು ಅದು. ಪದ್ಯವನ್ನು ಕೈಬಿಟ್ಟು ಎರಡು ಸೆಕೆಂಡು ಸುಮ್ಮನೆ ನಿಲ್ಲಬಲ್ಲ ಕವಿಯನ್ನು ನಾನು ಈ ವೇದಿಕೆಗಳಲ್ಲಿ ಕಂಡದ್ದು ಬೆರಳೆಣಿಕೆ.

ಮೂರನೆಯ ಸಲ ನವೆಂಬರಿನಲ್ಲಿ, ರಾಜ್ಯೋತ್ಸವದ ಗೋಷ್ಠಿ. ಆಕೆಯ ಅಜ್ಜಿಯ ಊರು ಅಲ್ಲಿಗೆ ಹತ್ತಿರ. ನಾನು ವೇದಿಕೆಯ ಮೇಲಿದ್ದೆ, ಅಧ್ಯಕ್ಷತೆಯ ಪಾಪದಲ್ಲಿ ನನ್ನದೂ ಪಾಲಿದೆ. ಸ್ಮರಣ ಸಂಚಿಕೆಗೆಂದು ಸಂಘಟಕರು ಪದ್ಯವನ್ನು ಮೊದಲೇ ತರಿಸಿಕೊಂಡಿದ್ದರು. ಆಕೆ ಕಳಿಸಿದ್ದು ಹಳೆಯ ಕರಡು. ಫೋನಿಗೆ ಚಾರ್ಜಿರಲಿಲ್ಲವೋ, ಸೀರೆಯುಟ್ಟು ಫೋನು ಹಿಡಿಯಲು ಸಂಕೋಚವೋ, ಆ ಅಚ್ಚಿನ ಹಾಳೆಯನ್ನೇ ಹಿಡಿದು ಓದಿದಳು. “ಬರ್ತಿಲ್ಲ ಅಜ್ಜಿ, ಇನ್ನೊಂದ್ಸಲ ಒತ್ತು” ಎಂದಾಗ ಒಬ್ಬರೂ ನಗಲಿಲ್ಲ. ಮುಂದಿನ ಸಾಲುಗಳಲ್ಲಿ ಕೂತ ಹೆಂಗಸರು ಆ ಮಾತನ್ನು ತಿಂಗಳು ತಿಂಗಳು ಕೇಳಿದವರು. ಆಕೆ ತಡವರಿಸಿದಳು. ಪಟ್ಟಿ ಹಾಳೆಯಲ್ಲಿರಲಿಲ್ಲ, ಸೆರಗಿಗೆ ಬೆರಳು ಒರೆಸಿಕೊಳ್ಳುವ ಸಾಲಿತ್ತು. ಬೇರೆ ದಾರಿಯಿಲ್ಲದೆ ಅದನ್ನೇ ಓದಿದಳು, ರಾಗವಿಲ್ಲದೆ, ಮನೆಯಲ್ಲಿ ಹೇಳುವ ಹಾಗೆ. ಚಿಟಿಕೆ ಹೊಡೆಯುವುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಪ್ಪಾಳೆ ಬರುವ ಮೊದಲೇ ಮುಂದಿನ ಸಾಲಿನ ಒಬ್ಬ ಮುದುಕಿ ಕೇಳಿದಳು:

“ಕೊನೀಗ್ ಅಕ್ಕಿ ಕೊಟ್ರಾ ಮಗಾ?”

ಹುಡುಗಿ ಹಾಳೆ ತಿರುಗಿಸಿ ನೋಡಿದಳು. ಅದು ಪದ್ಯದಲ್ಲಿರಲಿಲ್ಲ.