ಬೆನ್ನ ಮೇಲಿನ ಸುಳ್ಳು ಸಾಕ್ಷಿ

ಚನ್ನಗಿರಿಯವರಿಗೆ ಸೂಳೆಕೆರೆ ಇದೆ. ಹೊನ್ನಾಳಿ, ನ್ಯಾಮತಿಯವರಿಗೆ ತುಂಗಭದ್ರೆ ಇದೆ. ಜಗಳೂರಿನವರು ಮಳೆ ಬಂದು ಕೆರೆ ತುಂಬಿದರೆ ಮೀನು ಕಂಡಾರು. ಕಡಲಂತೂ ನಾಲ್ಕೂ ತಾಲ್ಲೂಕಿಗೆ ದೂರ. ಆದರೂ ಈ ವಾರ ಕಡಲಿನ ಅರಣೆ ಮೀನನ್ನು ಇಲ್ಲಿಗೆ ಎಳೆದು ತಂದಿದ್ದೇನೆ. ಮೀನಿನ ಕುಲ ಗುರುತಿಸುವ ಗೀಳು ಹತ್ತಿದವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟರು ಸಿಗುವುದಿಲ್ಲ.

ಉರುಟು ಮೈ, ಕಣ್ಣು ದಾಟಿ ಹಿಂದಕ್ಕೆ ಸೀಳಿದ ಬಾಯಿ. ಬಾಯಿ ಮುಚ್ಚಿದಾಗಲೂ ಸೂಜಿಹಲ್ಲುಗಳ ಸಾಲು ಹೊರಗೆ ಕಾಣುತ್ತದೆ. ನಾಲಗೆಯ ಮೇಲೂ ಹಲ್ಲು. ಬೆನ್ನಿನ ಕೊನೆಗೆ, ಬಾಲಕ್ಕೆ ತುಸು ಮುಂಚೆ, ಕಡ್ಡಿಗಳೇ ಇಲ್ಲದ ಪುಟ್ಟ ಕೊಬ್ಬಿನ ರೆಕ್ಕೆ.

ಪಂಡಿತರು ದಾರಿ ತಪ್ಪಿದ್ದು ಈ ರೆಕ್ಕೆಯನ್ನು ನಂಬಿ. ಸಾಲ್ಮನ್ ಮೀನಿಗೂ ಅದುಂಟು. 1758ರಲ್ಲಿ ಒಂದು ಅರಣೆಯನ್ನು ಪೈಕ್ ಮೀನಿನ ಕುಲಕ್ಕೆ ಹಾಕಿದ್ದ ಲಿನೇಯಸ್, 1766ರಲ್ಲಿ ಅದರ ದಾಯಾದಿಯನ್ನು ಸಾಲ್ಮನ್ ಕುಲಕ್ಕೆ ಸೇರಿಸಿದ. ಬರ್ಲಿನ್ನಿನ ವೈದ್ಯ ಬ್ಲಾಖ್, ನಮ್ಮ ಕೆರೆಗಳ ಕೊರವ ಮೀನಿಗೆ 1793ರಲ್ಲಿ ಶಾಸ್ತ್ರದ ಹೆಸರು ಕೊಟ್ಟವನು, 1795ರಲ್ಲಿ ಇಂದಿನ ಸೌರಿಡಾ ಟುಂಬಿಲ್ ಎಂಬ ಅರಣೆಯನ್ನು ಸಾಲ್ಮನ್ನಿನ ಮನೆಗೇ ಕಳಿಸಿದ.

ಹೊನ್ನಾಳಿಯ ಹೊಳೆದಂಡೆಯಲ್ಲಿ ಬಲೆ ಬಿಡಿಸುವುದನ್ನು ನಿಂತು ನೋಡುವ ಅಭ್ಯಾಸ ಇದ್ದವರು ಅಷ್ಟು ಸುಲಭಕ್ಕೆ ಮರುಳಾಗರು. ಗಿರ್ಲು ಮೀನಿನ ಬೆನ್ನಿಗೆ ಕೊಬ್ಬಿನ ರೆಕ್ಕೆ ಇದೆ. ಅದರಂತೆಯೇ ಮೀಸೆ ಬಿಟ್ಟ ಬಾಳೆ ಮೀನಿಗೆ ಇಲ್ಲ. ಒಂದೇ ಬಳಗದಲ್ಲಿ ಒಬ್ಬರಿಗಿದ್ದು ಇನ್ನೊಬ್ಬರಿಗಿಲ್ಲದ ರೆಕ್ಕೆ ನೆಂಟಸ್ತಿಕೆಗೆ ಎಂಥ ಸಾಕ್ಷಿ?

ಅಮೆರಿಕದ ಮೀನುಶಾಸ್ತ್ರಜ್ಞ ಡಾನ್ ರೋಸೆನ್ 1973ರಲ್ಲಿ ಬೆನ್ನು ಬಿಟ್ಟು ಗಂಟಲಿಗೆ ಕೈ ಹಾಕಿದ. ಅರಣೆ ಮತ್ತದರ ನೆಂಟರ ಕಿವಿರಿನ ಎರಡನೇ ಕಮಾನಿನಲ್ಲಿ, ಮೇಲ್ಭಾಗದ ಎಲುಬಿನಿಂದ ಉದ್ದನೆಯ ಕೊಂಬೊಂದು ಚಾಚಿಕೊಂಡಿರುತ್ತದೆ. ಆ ಗುರುತು ಹಿಡಿದು ಆಲೋಪಿಫಾರ್ಮಿಸ್ ಎಂಬ ಗಣವನ್ನೇ ಬೇರೆ ಮಾಡಿದ. ಅರಣೆಗಳು ಅದರೊಳಗಿನ ಸಿನೊಡಾಂಟಿಡೇ ಕುಟುಂಬದವು.

ಸ್ವಾರಸ್ಯ ಇರುವುದು ಈ ಕುಟುಂಬದ ಒಳಜಗಳದಲ್ಲಿ. ಸೌರಿಡಾ, ಸಿನೋಡಸ್ ಎಂಬ ಎರಡೂ ಅರಣೆ ಕುಲಗಳು ನೋಡಲು ಅಣ್ಣತಮ್ಮಂದಿರು. ಹೊಟ್ಟೆಯಡಿಯ ಜೋಡಿ ರೆಕ್ಕೆ ಬಿಡಿಸಿ ಕಡ್ಡಿ ಎಣಿಸಿ. ಸಿನೋಡಸ್‌ಗೆ ಎಂಟು, ಒಳಗಿನವು ಹೊರಗಿನವಕ್ಕಿಂತ ಬಹಳ ಉದ್ದ. ಸೌರಿಡಾಗೆ ಒಂಬತ್ತು, ಹೆಚ್ಚುಕಮ್ಮಿ ಸಮ. ಇದೇ ಕುಟುಂಬದ, ಮುಟ್ಟಿದರೆ ಜಾರುವ ಮೆತ್ತನೆಯ ಬೊಂಬಿಲ್ ಮೀನಿಗೂ ಒಂಬತ್ತೇ. ಉಪಕುಟುಂಬ ಹಂಚುವಾಗ ಸೌರಿಡಾವನ್ನು ಬೊಂಬಿಲ್ ಜೊತೆಗೆ ಕೂರಿಸುತ್ತಾರೆ, ತನ್ನ ಪಡಿಯಚ್ಚಿನಂಥ ಸಿನೋಡಸ್ ಪಕ್ಕದಲ್ಲಲ್ಲ.

ಮಲ್ಪೆ, ಮಂಗಳೂರಿನ ಕಡೆ ಹೋದಾಗ ಬುಟ್ಟಿಯಲ್ಲಿ ಅರಣೆ ಕಂಡರೆ ಎತ್ತಿಕೊಂಡು ನೋಡಿ. ಮುಳ್ಳು ಜಾಸ್ತಿ ಎಂದು ಕೊಳ್ಳುವವರು ಕಡಿಮೆ, ಮಾರುವವರು ಬೇಡವೆನ್ನಲಾರರು. ಅಲ್ಲಿಯವರೆಗೆ ಗಿರ್ಲು, ಬಾಳೆ ಪಕ್ಕಪಕ್ಕ ಇಟ್ಟುಕೊಂಡು ಬೆನ್ನು ಸವರಿದರೂ ಮೊದಲ ಪಾಠ ಮುಗಿದ ಹಾಗೆ.