ರಾಘವಾಂಕನ ಗಾನರಾಣಿಯರೂ ಪರದೇಶದ ಪ್ರವೇಶಾನುಮತಿಯೂ

ಪ್ರಾಚೀನ ಕಾವ್ಯವೊಂದು ಜೀವಂತವಾಗಿದೆಯೆಂದರೆ ಅದರ ಪದ್ಯಗಳು ಗಮಕಿಗಳ ಕಂಠದಲ್ಲಿ ಉಳಿದುಬಂದಿವೆಯೆಂದಷ್ಟೇ ಅರ್ಥವಲ್ಲ. ಅದು ಎತ್ತಿದ ಪ್ರಶ್ನೆಗೆ ಲೋಕವು ಇನ್ನೂ ಸರಿಯಾದ ಉತ್ತರವನ್ನು ಕೊಟ್ಟಿಲ್ಲವೆಂದೂ ಅರ್ಥ. ಹಂಪೆಯ ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನ ‘ಹರಿಶ್ಚಂದ್ರಕಾವ್ಯ’ವು ಅಂಥದೊಂದು ಕೃತಿ. ಅದನ್ನು ಸತ್ಯಸಂಧನಾದ ಅರಸನ ಕಥೆಯೆಂದು ಕನ್ನಡನಾಡಿನ ಮನೆಮನೆಯೂ ಬಲ್ಲದು. ಆದರೆ ಆ ಕಥೆಯ ಕೀಲು ತಿರುಗುವುದು ಸ್ಮಶಾನದಲ್ಲಲ್ಲ, ಬೇಟೆಯ ಬೀಡಿನಲ್ಲಿ. ಸತ್ಯದ ಮಾತಿನಿಂದಲ್ಲ, ಸ್ಪರ್ಶದ ಮಾತಿನಿಂದ ಎಂಬುದನ್ನು ವಾಚಕರು ಸಾಮಾನ್ಯವಾಗಿ ಮರೆಯುವರು. ಪಂಪಾಪತಿಯ ಸನ್ನಿಧಿಯಲ್ಲಿ ಬೆಳೆದ ಕವಿಯ ಆ ಪ್ರಸಂಗವನ್ನು ಅದೇ ಸೀಮೆಯ, ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ಕುಳಿತು ಇಂದು ಓದುವವರಿಗೆ ಅದರಲ್ಲಿ ಹೊಸದೊಂದು ಅರ್ಥವು ಹೊಳೆಯದಿರದು.

ಪ್ರಸಂಗವು ಹೀಗಿದೆ. ವಿಶ್ವಾಮಿತ್ರನ ಕೋಪದಿಂದ ಹುಟ್ಟಿದ ಇಬ್ಬರು ಅನಾಮಿಕ ಕನ್ಯೆಯರು ಅರಸನ ಬೀಡಿಗೆ ಬಂದು ಹಾಡುತ್ತಾರೆ. ಅರಸನು ಮೆಚ್ಚಿ ಉಡುಗೊರೆ ಕೊಡಮಾಡುತ್ತಾನೆ. ಅವರು ಬೇಡುವುದು ಒಡವೆಯನ್ನಲ್ಲ, ಬೆಳ್ಗೊಡೆಯನ್ನು. ಅದು ವಂಶಪರಂಪರೆಯ ಸ್ವತ್ತು, ಕೊಡಲಾಗದೆನ್ನುತ್ತಾನೆ ಅರಸ. ಹಾಗಾದರೆ ನೀನೇ ನಮಗೆ ಗಂಡನಾಗೆಂದು ಕೇಳುತ್ತಾರೆ. ಅರಸನು ಕುಲದ ಮಾತನ್ನೆತ್ತಿ ಸಿಡಿದೇಳುತ್ತಾನೆ. ಆಗ ಆ ಕನ್ಯೆಯರು ಕೇಳುವ ಪ್ರಶ್ನೆಯು ಕನ್ನಡ ಸಾಹಿತ್ಯದಲ್ಲಿ ಅಪೂರ್ವವಾದುದು: ನಮ್ಮ ಹಾಡನ್ನು ಕೇಳಿದ ಕಿವಿಗೆ ಹೊಲೆಯಿಲ್ಲ, ನಮ್ಮ ರೂಪವನ್ನು ಕಂಡ ಕಣ್ಣಿಗೆ ಹೊಲೆಯಿಲ್ಲ, ನಮ್ಮೊಡನೆ ಮಾತನಾಡಿದ ಬಾಯಿಗೆ ಹೊಲೆಯಿಲ್ಲ, ಐದು ಇಂದ್ರಿಯಗಳಲ್ಲಿ ಮುಟ್ಟುವ ಇಂದ್ರಿಯವೊಂದಕ್ಕೆ ಮಾತ್ರ ಅದೆಲ್ಲಿಂದ ಬಂದಿತು? ಇದಕ್ಕೆ ತಕ್ಕ ಉತ್ತರವು ಅರಸನಲ್ಲಿಲ್ಲ. ತರ್ಕದಲ್ಲಿ ಸೋತವನು ಕೋಪವನ್ನು ಮೊರೆಹೊಕ್ಕು ಅವರನ್ನು ದಂಡಿಸಿ ಅಟ್ಟುತ್ತಾನೆ; ಮುನಿಯು ಬಂದು ಅವರನ್ನು ವರಿಸೆಂದಾಗ, ಅದಕ್ಕಿಂತ ರಾಜ್ಯವನ್ನು ಬಿಟ್ಟೇನೆನ್ನುತ್ತಾನೆ; ಬಿಟ್ಟೂ ಬಿಡುತ್ತಾನೆ.

ಇಲ್ಲಿ ರಾಘವಾಂಕನ ಕವಿಧರ್ಮವು ಮೆಚ್ಚತಕ್ಕದ್ದು. ನಾಯಕನ ಪಕ್ಷವನ್ನು ಗೆಲ್ಲಿಸುವುದಕ್ಕಾಗಿ ಎದುರಾಳಿಯ ವಾದವನ್ನು ಅವನು ಬಡವಾಗಿಸಲಿಲ್ಲ. ಉತ್ತಮವಾದ ತರ್ಕವನ್ನು ಆ ಕನ್ಯೆಯರ ಬಾಯಲ್ಲಿಯೇ ಇಟ್ಟನು. ಮುಂದೆ ಕಾಶಿಯಲ್ಲಿ ಅದೇ ಅರಸನು ಅನಾಮಿಕನಾದ ವೀರಬಾಹುಕನಿಗೆ ತನ್ನನ್ನೇ ಮಾರಿಕೊಂಡು, ಅವನ ಅನ್ನವನ್ನುಂಡು, ಅವನ ಸುಡುಗಾಡನ್ನು ಕಾಯುತ್ತಾನೆ. ಬೀಡಿನಲ್ಲಿ ಉತ್ತರವಿಲ್ಲದೆ ಉಳಿದ ಪ್ರಶ್ನೆಗೆ ಕಥೆಯೇ ಉತ್ತರ ಕೊಟ್ಟಿತು. ಅರಸನು ಸತ್ಯವನ್ನು ಗೆದ್ದನು. ಸ್ಪರ್ಶದ ಭಯದಲ್ಲಿ ಸೋತನು. ಈ ಎರಡನ್ನೂ ಒಟ್ಟಿಗೆ ಕಾಣದವರು ಕಾವ್ಯದ ಅರ್ಧವನ್ನು ಮಾತ್ರ ಓದಿದಂತೆ.

ಈಗ ಬಂಡ್ರಿಯ ಮನೆಯೊಂದರಲ್ಲಿ ಇಪ್ಪತ್ತರ ಹರೆಯದ ವಿದ್ಯಾರ್ಥಿನಿಯೊಬ್ಬಳನ್ನು ಭಾವಿಸಿಕೊಳ್ಳಬಹುದು. ಆಕೆ ಕಲ್ಪಿತಳು, ಆಕೆಯ ಸ್ಥಿತಿ ಕಲ್ಪಿತವಲ್ಲ. ಭಾರತದಲ್ಲಿ ಎಚ್‌ಐವಿ ವೈರಾಣುವನ್ನು ಮೊದಲು ೧೯೮೬ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಅವರೂ ಅವರ ಶಿಷ್ಯೆಯೂ ಗುರುತಿಸಿದರು. ಮುಂದಿನ ಎರಡು ದಶಕಗಳಲ್ಲಿ ಬಳ್ಳಾರಿ ಜಿಲ್ಲೆಯು ಈ ರೋಗವು ಹೆಚ್ಚಾಗಿ ಹರಡಿದ ಜಿಲ್ಲೆಗಳ ಸಾಲಿಗೆ ಸೇರಿತು. ೨೦೦೪ರ ಏಪ್ರಿಲ್ ೧ರಿಂದ ಸರಕಾರವು ಔಷಧವನ್ನು ಉಚಿತವಾಗಿ ಕೊಡತೊಡಗಿತು. ತಾಯಿಯಿಂದ ವೈರಾಣುವನ್ನು ಪಡೆದು ಆ ಕಾಲದಲ್ಲಿ ಹುಟ್ಟಿದ ಮಕ್ಕಳು, ಹಿಂದಿನ ದಿನಗಳಾಗಿದ್ದರೆ ಬಾಲ್ಯದಲ್ಲಿಯೇ ಅಳಿಯಬೇಕಾಗಿದ್ದವರು, ಆ ಔಷಧದ ಬಲದಿಂದ ಬೆಳೆದು ಇಂದು ಕಾಲೇಜಿನ ಮೆಟ್ಟಿಲನ್ನು ಹತ್ತಿದ್ದಾರೆ. ದಿನಕ್ಕೊಂದು ಗುಳಿಗೆ, ಕಾಲಕಾಲಕ್ಕೆ ರಕ್ತಪರೀಕ್ಷೆ: ಅವರ ರೋಗವೆಂದರೆ ಬಹುಮಟ್ಟಿಗೆ ಇಷ್ಟೆ. ಔಷಧವನ್ನು ತಪ್ಪದೆ ಸೇವಿಸಿ ರಕ್ತದಲ್ಲಿ ವೈರಾಣುವು ಪತ್ತೆಯಾಗದ ಮಟ್ಟಕ್ಕೆ ಇಳಿದರೆ ಲೈಂಗಿಕ ಸಂಪರ್ಕದಿಂದಲೂ ಅದು ಇನ್ನೊಬ್ಬರಿಗೆ ಅಂಟದೆಂದು ವೈದ್ಯಶಾಸ್ತ್ರವು ಸ್ಥಾಪಿಸಿದೆ. ಇನ್ನು ಮುಟ್ಟಿದರೆ, ಒಟ್ಟಿಗೆ ಉಂಡರೆ, ಒಂದೇ ಬೆಂಚಿನಲ್ಲಿ ಕುಳಿತರೆ ಅಂಟುವ ಮಾತೇ ಇಲ್ಲ.

ಈ ವಿದ್ಯಾರ್ಥಿನಿಗೆ ಪರದೇಶದ ವಿದ್ಯಾಲಯವೊಂದು ಸ್ಥಾನವನ್ನು ಕೊಟ್ಟಿದೆ. ಉಳಿದಿರುವುದು ವೀಸಾ ಎಂಬ ಪ್ರವೇಶಾನುಮತಿ. ಆಕೆಯ ಅಂಕಪಟ್ಟಿಯನ್ನು ನೋಡಿದವರಿಗೆ ದೋಷ ಕಾಣಲಿಲ್ಲ. ಆಕೆಯ ಪ್ರಬಂಧವನ್ನು ಓದಿದವರಿಗೆ ಕಾಣಲಿಲ್ಲ. ಆಕೆಯೊಡನೆ ಮಾತನಾಡಿದವರಿಗೆ ಕಾಣಲಿಲ್ಲ. ರಕ್ತದ ಬಳಿಗೆ ಬಂದಾಗ ಮಾತ್ರ ಬಾಗಿಲು ಮುಚ್ಚಬೇಕೇ? ಗಾನರಾಣಿಯರ ಪ್ರಶ್ನೆಯು ಅಕ್ಷರಶಃ ಮರಳಿ ಬಂದಿದೆ. ಹುಟ್ಟಿನ ಮೇಲೆ ಹೊರಿಸಿದ ಕಳಂಕವೂ ದೇಹದಲ್ಲಿ ನಿಜವಾಗಿ ಇರುವ ವೈರಾಣುವೂ ಒಂದೇ ಅಲ್ಲ. ಆ ಭೇದವನ್ನು ಮರೆತು ಹೋಲಿಸುವುದು ಅವಿಚಾರ. ಆದರೆ ಮುಟ್ಟಿನ ಭಯವು ತರ್ಕವನ್ನು ಮೀರಿ ನಡೆಯುವ ಬಗೆಯು ಎರಡರಲ್ಲಿಯೂ ಒಂದೇ.

ಇದಕ್ಕೆ ಅಮೆರಿಕದ ಚರಿತ್ರೆಯೇ ಸಾಕ್ಷಿ. ೧೯೮೭ರಲ್ಲಿ ಆ ದೇಶವು ಎಚ್‌ಐವಿ ಉಳ್ಳ ಪರದೇಶದವರ ಪ್ರವೇಶವನ್ನು ತಡೆಯಿತು. ೧೯೯೩ರಲ್ಲಿ ಅದನ್ನು ಶಾಸನದಲ್ಲಿಯೇ ಬರೆದಿಟ್ಟಿತು. ಬಾಸ್ಟನ್ನಿನಲ್ಲಿ ೧೯೯೨ರಲ್ಲಿ ಕೂಡಬೇಕಾಗಿದ್ದ ಏಡ್ಸ್ ಕುರಿತ ಅಂತರರಾಷ್ಟ್ರೀಯ ಸಮ್ಮೇಳನವು ಇದೇ ಕಾರಣದಿಂದ ಆಮ್‌ಸ್ಟರ್‌ಡ್ಯಾಮಿಗೆ ಹೋಯಿತು. ರೋಗವು ಮುಟ್ಟಿನಿಂದ ಅಂಟದೆಂದು ಆಗಲೇ ಸಿದ್ಧವಾಗಿತ್ತು. ಆದರೂ ನಿಷೇಧವು ತೆರವಾದುದು ೨೦೧೦ರ ಜನವರಿ ೪ರಂದು. ಅರಿವಿಗೂ ಶಾಸನಕ್ಕೂ ನಡುವೆ ಇಷ್ಟು ಕಾಲ ನಿಂತಿದ್ದುದು ಭಯವಲ್ಲದೆ ಬೇರೇನೂ ಅಲ್ಲ. ರಷ್ಯದಲ್ಲಿ ೧೯೯೫ರ ಕಾನೂನು ಮೂರು ತಿಂಗಳಿಗೆ ಮೀರಿ ನಿಲ್ಲುವ ಪರದೇಶದವರಿಂದ ಎಚ್‌ಐವಿ ಇಲ್ಲವೆಂಬ ಪ್ರಮಾಣಪತ್ರವನ್ನು ಕೇಳುವಂತೆ ಮಾಡಿತು. ವೈದ್ಯವಿದ್ಯೆಗಾಗಿ ಅಲ್ಲಿಗೆ ತೆರಳುವ ಕನ್ನಡದ ಮಕ್ಕಳು ಆ ಪತ್ರವನ್ನು ಬಲ್ಲರು. ಕೆನಡಾ ದೇಶವು ರೋಗವನ್ನೇ ಕಾರಣವಾಗಿ ಒಡ್ಡುವುದಿಲ್ಲ. ಆದರೆ ವೈದ್ಯಪರೀಕ್ಷೆಯಲ್ಲಿ ರಕ್ತವನ್ನು ನೋಡಿ, ಔಷಧದ ವೆಚ್ಚವು ತನಗೆ ಅತಿಹೊರೆಯಾಗುವುದೋ ಎಂದು ಲೆಕ್ಕ ಹಾಕುವುದು. ೨೦೧೮ರಲ್ಲಿ ಆ ಲೆಕ್ಕದ ಮಿತಿಯನ್ನು ಮೂರುಪಟ್ಟು ಏರಿಸಿತು. ಹೀಗೆ ಹಿಂದಿನ ಭಯವು ಇಂದು ಲೆಕ್ಕದ ಪುಸ್ತಕವಾಗಿದೆ. ಲೆಕ್ಕವು ಭಯಕ್ಕಿಂತ ಮೇಲು. ಏಕೆಂದರೆ ಅದರೊಡನೆ ವಾದಿಸಬಹುದು. ಬ್ರಿಟನ್ನಿನ ಪದ್ಧತಿಯು ಇನ್ನೂ ವಿಚಾರಾರ್ಹ: ಆರು ತಿಂಗಳಿಗೆ ಮೀರಿ ನಿಲ್ಲುವ ಭಾರತೀಯನಿಗೆ ಅದು ಕ್ಷಯರೋಗದ ಪರೀಕ್ಷೆಯನ್ನು ವಿಧಿಸುವುದು, ಎಚ್‌ಐವಿಯ ಪರೀಕ್ಷೆಯನ್ನು ವಿಧಿಸದು. ಕ್ಷಯವು ಉಸಿರಿನಿಂದ ಹರಡುವುದು, ಇದು ಹಾಗೆ ಹರಡದು. ಮಾಡಬೇಕಾದ ವಿವೇಚನೆಯನ್ನು ಅಲ್ಲಿ ಮಾಡಿದೆ.

ಪರದೇಶವನ್ನು ದೂರಿ ತೃಪ್ತರಾಗುವುದೂ ನ್ಯಾಯವಲ್ಲ. ಎಂಬತ್ತರ ದಶಕದಲ್ಲಿ ಭಾರತಕ್ಕೆ ಓದಲು ಬಂದ ಆಫ್ರಿಕದ ವಿದ್ಯಾರ್ಥಿಗಳನ್ನು ಇದೇ ಪರೀಕ್ಷೆಗೆ ಗುರಿಪಡಿಸಲಾಗಿತ್ತು. ೨೦೧೭ರಲ್ಲಿ ಅಂಗೀಕೃತವಾಗಿ ೨೦೧೮ರ ಸೆಪ್ಟೆಂಬರ್ ೧೦ರಿಂದ ಜಾರಿಗೆ ಬಂದ ಭಾರತದ ಎಚ್‌ಐವಿ ಕಾಯಿದೆಯು ವಿದ್ಯೆಗಾಗಲಿ ಉದ್ಯೋಗಕ್ಕಾಗಲಿ ಈ ಪರೀಕ್ಷೆಯನ್ನು ಷರತ್ತಾಗಿ ಮಾಡಬಾರದೆಂದಿದೆ. ಒಪ್ಪಿಗೆಯಿಲ್ಲದೆ ಒಬ್ಬರ ಸ್ಥಿತಿಯನ್ನು ಇನ್ನೊಬ್ಬರಿಗೆ ತಿಳಿಸಕೂಡದೆಂದಿದೆ. ಅದರ ಅಧಿಕಾರವು ಈ ನೆಲದ ಗಡಿಯಲ್ಲಿ ಮುಗಿಯುವುದು. ಒಂದು ಕಾಲದಲ್ಲಿ ಸಮುದ್ರವನ್ನು ದಾಟಿದವನಿಗೆ ಮರಳಿ ಬಂದಾಗ ಪ್ರಾಯಶ್ಚಿತ್ತವನ್ನು ವಿಧಿಸುತ್ತಿದ್ದರು. ಆಗ ಕಟ್ಟು ಈಚೆಯ ದಡದಲ್ಲಿತ್ತು, ಈಗ ಆಚೆಯ ದಡದಲ್ಲಿದೆ.

ಇನ್ನು ಸತ್ಯದ ವಿಷಯ. ಅರ್ಜಿಯು ಕೇಳಿದ ಪ್ರಶ್ನೆಗೆ ಆಕೆ ಏನೆಂದು ಬರೆಯಬೇಕು? ಹರಿಶ್ಚಂದ್ರನ ಕಥೆಯನ್ನು ಕೇಳಿ ಬೆಳೆದ ಮನೆಯಲ್ಲಿ ಇದು ಸಣ್ಣ ಸಂಕಟವಲ್ಲ. ಸುಳ್ಳು ಬರೆದರೆ ಧರ್ಮವೂ ಕೆಡುವುದು, ಕಾರ್ಯವೂ ಕೆಡುವುದು. ಕೆನಡಾದಲ್ಲಿ ಸುಳ್ಳು ಹೇಳಿಕೆಗೆ ಐದು ವರ್ಷಗಳ ನಿಷೇಧವುಂಟು. ಆದರೆ ಸತ್ಯವೆಂದರೆ ಕಂಡವರಿಗೆಲ್ಲ ತನ್ನನ್ನು ತೆರೆದಿಡುವುದೆಂದು ತಿಳಿಯುವುದು ಆ ಕಾವ್ಯದ ತಪ್ಪು ಓದು. ಹರಿಶ್ಚಂದ್ರನ ಸತ್ಯವು ಕೊಟ್ಟ ಮಾತನ್ನು ನಡೆಸುವ ಸತ್ಯ. ಕಾಶಿಯ ಬೀದಿಯಲ್ಲಿ ಅವನು ತಾನು ಅಯೋಧ್ಯೆಯ ಅರಸನೆಂದು ಸಾರಿಕೊಂಡು ತಿರುಗಲಿಲ್ಲ. ಹಾಗೆ ಸುಮ್ಮನಿದ್ದುದು ಅಸತ್ಯವೂ ಆಗಲಿಲ್ಲ. ಕೇಳುವ ಅಧಿಕಾರವುಳ್ಳವರು ಕೇಳಿದಾಗ ದಿಟವನ್ನು ನುಡಿಯುವುದು, ಆ ಅಧಿಕಾರವಿಲ್ಲದ ನೆರೆಹೊರೆಯವರ ಕುತೂಹಲದ ಮುಂದೆ ಮೌನವಾಗಿರುವುದು: ಎರಡೂ ಸತ್ಯವ್ರತಕ್ಕೆ ಸಲ್ಲುವುವು. ಸುಳ್ಳಿಗೂ ಮೌನಕ್ಕೂ ಇರುವ ಈ ಭೇದವನ್ನು ಹಿರಿಯರು ಆಕೆಗೆ ತಿಳಿಯಹೇಳಿದರೆ ಕಾವ್ಯವು ಮನೆಗೆ ಉಪಕಾರ ಮಾಡಿದಂತಾಗುವುದು.

ಆಧುನಿಕ ಕನ್ನಡ ಸಾಹಿತ್ಯವು ಈ ವಿದ್ಯಾರ್ಥಿನಿಗೆ ಏನನ್ನು ಕೊಟ್ಟಿದೆ? ಸಾಂಕ್ರಾಮಿಕ ರೋಗವನ್ನು ಕುರಿತ ಅತ್ಯಂತ ಸಮರ್ಥ ಕೃತಿಯಾದ, ೧೯೬೫ರಲ್ಲಿ ಪ್ರಕಟವಾದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವು ಪರದೇಶದಲ್ಲಿದ್ದ ಕನ್ನಡ ವಿದ್ಯಾರ್ಥಿಯೊಬ್ಬನಿಂದಲೇ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ರಚಿತವಾಯಿತೆಂಬುದು ಸ್ಮರಣೀಯ. ಅಗ್ರಹಾರದಲ್ಲಿ ಇಲಿಗಳು ಬೀಳುತ್ತಿರುವಾಗ ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ವಿಧಿಯನ್ನು ಹುಡುಕುತ್ತಾರೆ; ನಾರಣಪ್ಪನ ಹೆಣವನ್ನು ಯಾರು ಮುಟ್ಟಬೇಕೆಂಬ ಚರ್ಚೆ ನಡೆಯುತ್ತದೆಯೇ ಹೊರತು ಅವನು ಏತರಿಂದ ಸತ್ತನೆಂಬ ವಿಚಾರವು ಅಗ್ರಹಾರದವರಿಗೆ ಬಾರದು. ಕೊನೆಗೆ ಅವನ ದಹನವಾಗುವುದು ಚಂದ್ರಿಯ ದೆಸೆಯಿಂದ, ಮುಸಲ್ಮಾನ ವ್ಯಾಪಾರಿಯೊಬ್ಬನ ನೆರವಿನಿಂದ. ರೋಗವನ್ನು ರೋಗವೆಂದು ನೋಡದೆ ನಡತೆಯ ತೀರ್ಪೆಂದು ಓದುವ ಸಮಾಜದ ಕುರುಡನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಕೃತಿ ವಿರಳ. ಆದರೆ ಅದರ ಮಿತಿಯೂ ಇಲ್ಲಿಯೇ ಇದೆ. ಅಲ್ಲಿ ರೋಗ ತಗಲಿದವರಿಗೆ ಸಾಯುವುದೊಂದೇ ಕೆಲಸ. ರೋಗದ ಅರ್ಥವನ್ನು ಚಿಂತಿಸುವ ಹಕ್ಕು ಉಳಿದವರದು. ಅದು ಪ್ಲೇಗಿನ ಕಾಲಕ್ಕೆ ಸಹಜ. ರೋಗವನ್ನು ಒಡಲಲ್ಲಿಟ್ಟುಕೊಂಡೇ ಬಾಳುವ, ಓದುವ, ಅರ್ಜಿ ಬರೆಯುವ ಮನುಷ್ಯನಿಗೆ ಆ ಮಾದರಿಯು ಸಾಲದು.

ಪರದೇಶದ ವ್ಯಾಸಂಗವನ್ನು ಕುರಿತ ಬರವಣಿಗೆಯಲ್ಲಿ ಇನ್ನೊಂದು ಕೊರತೆ. ಆಕ್ಸ್‌ಫರ್ಡಿಗೆ ಹೋಗಿ ಓದಿ ಬಂದ ವಿ. ಕೃ. ಗೋಕಾಕರು ‘ಸಮುದ್ರದಾಚೆಯಿಂದ’ ಬರೆದುದು ಮೊದಲುಗೊಂಡು ಕನ್ನಡದ ಪ್ರವಾಸಸಾಹಿತ್ಯವು ಹಡಗನ್ನೂ ಕಡಲನ್ನೂ ಆಚೆಯ ನಾಡನ್ನೂ ಮನೋಹರವಾಗಿ ವರ್ಣಿಸಿದೆ. ಆದರೆ ಆ ಪರಂಪರೆಯು ಹೋದವರ ಕಥೆ. ಹೊಸ್ತಿಲಲ್ಲಿ ತಡೆಯಲ್ಪಟ್ಟವರು ಪ್ರವಾಸಕಥನವನ್ನು ಬರೆಯುವುದಿಲ್ಲ.

ಆಲಂಕಾರಿಕರು ಔಚಿತ್ಯವನ್ನು ರಸದ ಜೀವವೆಂದರು. ಅಂಟುರೋಗದ ಮಾತು ಬಂದಲ್ಲೆಲ್ಲ ಬೀಭತ್ಸ ಭಯಾನಕಗಳನ್ನು ತರುವುದು ಲೇಖಕರ ರೂಢಿ; ಶಾಸನಗಳೂ ಬಹುಕಾಲ ಅದೇ ಎರಡು ಭಾವಗಳಿಂದ ಬರೆಯಲ್ಪಟ್ಟವು. ಸಹೃದಯರಾದವರು ಅದನ್ನು ತೊರೆದು ಕರುಣಕ್ಕೆ ಬರುವರು. ಆದರೆ ಕರುಣದ ಸ್ಥಾಯಿಯು ಶೋಕ. ಶೋಕವು ಕಳೆದುಹೋದುದಕ್ಕೆ ಸಲ್ಲತಕ್ಕದ್ದು. ಪ್ರತಿದಿನವೂ ಗುಳಿಗೆಯನ್ನು ನುಂಗಿ, ಪಾಠವನ್ನೋದಿ, ಎರಡು ದೇಶಗಳ ಕಾನೂನುಗಳನ್ನು ತಿಳಿದುಕೊಂಡು ಅರ್ಜಿಯನ್ನು ತುಂಬುವ ಹುಡುಗಿಗೆ ಒಪ್ಪುವುದು ಶೋಕವಲ್ಲ, ಉತ್ಸಾಹ. ಅದು ವೀರದ ಸ್ಥಾಯಿ. ಆ ರಸದಲ್ಲಿ ಆಕೆಯನ್ನು ಕಾಣುವ ಕೃತಿಯು ಕನ್ನಡದಲ್ಲಿ ಬರಬೇಕಾಗಿದೆ.

ಅಂಥ ಕೃತಿಯು ಬರುವ ತನಕ ರಾಘವಾಂಕನ ಪ್ರಸಂಗವನ್ನು ಮನೆಗಳಲ್ಲಿ ಮತ್ತೊಮ್ಮೆ ಓದಬಹುದು, ಈ ಸಾರಿ ಅರಸನ ಸಿಂಹಾಸನದ ಕಡೆಯಿಂದಲ್ಲ, ಹಾಡಿ ನಿಂತ ಕನ್ಯೆಯರ ಕಡೆಯಿಂದ. ಅವರು ಬೇಡಿದುದು ಕೊಡೆಯ ನೆರಳನ್ನು. ಬಂಡ್ರಿಯ ಹುಡುಗಿ ಬೇಡುವುದು ಅಷ್ಟೂ ಅಲ್ಲ. ಓದುವುದಕ್ಕೆ ಒಂದು ಬೆಂಚು. ಮೊದಲು ಅದು ಅವಳಿಗೆ ಊರಿನಲ್ಲಿ ನಿಸ್ಸಂಶಯವಾಗಿ ದೊರೆಯಲಿ. ಆಮೇಲೆ ಪರದೇಶದ ಬಾಗಿಲನ್ನು ತಟ್ಟುವ ಕೈಗೆ ಬಲ ಬರುವುದು.